ತಲೆ ಲೆಕ್ಕ, ಗಾಡಿ ಲೆಕ್ಕ: ಮಸಾಯಿ ಮಾರಾ ಸಫಾರಿಗೆ ಬಜೆಟ್ ಹಾಕುವ ಬಗೆ

ಕೀನ್ಯಾ ಸಫಾರಿಗೆ ಎಷ್ಟಾಗುತ್ತದೆ ಎಂದು ಹೋಗಿ ಬಂದವರನ್ನು ಕೇಳಿ ನೋಡಿ. ಒಬ್ಬರು ಒಂದೂವರೆ ಲಕ್ಷ ಎನ್ನುತ್ತಾರೆ, ಇನ್ನೊಬ್ಬರು ಐದು ಲಕ್ಷ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ನೋಡಿದ್ದು ಒಂದೇ ಸಿಂಹವನ್ನೂ ಇರಬಹುದು! ಹೋದ ತಿಂಗಳು ಬೇರೆ, ಮಲಗಿದ ಜಾಗ ಬೇರೆ, ಗಾಡಿಯಲ್ಲಿ ಕೂತವರ ಸಂಖ್ಯೆ ಬೇರೆ, ಅಷ್ಟೇ.

ನಮ್ಮ ಕಬಿನಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಜಂಗಲ್ ಲಾಡ್ಜಸ್‌ಗೆ ಒಂದು ಮೊತ್ತ ಕಟ್ಟಿದರೆ ರೂಮು, ಊಟ, ಸಫಾರಿ ಎಲ್ಲ ಅದರಲ್ಲೇ ಬಂತು. ಕೀನ್ಯಾದ ಮಸಾಯಿ ಮಾರಾ ಮೀಸಲು ಪ್ರದೇಶದಲ್ಲಿ ಕಾಡಿನ ಫೀ ಬೇರೆ, ಗಾಡಿ ಬೇರೆ, ಹಾಸಿಗೆ ಬೇರೆ. ಇವೆಲ್ಲವನ್ನೂ ಕಟ್ಟಿ ಒಂದೇ ಮೊತ್ತ ಹೇಳುವವರು ಏಜೆಂಟರು. ಆ ಗಂಟನ್ನು ಬಿಚ್ಚಿ ನೋಡಲು ಬಂದರೆ ಬಜೆಟ್ ಅರ್ಧ ಮುಗಿದ ಹಾಗೆ.

ಹಾಳೆಯಲ್ಲಿ ಎರಡು ಕಾಲಂ

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ತಲೆ ಲೆಕ್ಕ: ವಿಮಾನ, ಪ್ರವಾಸದ ಅನುಮತಿ, ಪಾರ್ಕ್ ಫೀ, ಹಾಸಿಗೆ, ಊಟ. ಎಷ್ಟು ಜನ ಹೋದರೂ ಇವು ತಲೆಗೆ ಇಷ್ಟು ಎಂದು ಬೀಳುತ್ತವೆ. ಬಲಕ್ಕೆ ಗಾಡಿ ಲೆಕ್ಕ: ಗಾಡಿ ಬಾಡಿಗೆ, ಡೀಸೆಲ್, ಡ್ರೈವರ್, ಅವರ ಊಟ ವಸತಿ, ಅವರ ಟಿಪ್ಸ್. ಗಾಡಿಯಲ್ಲಿ ಒಬ್ಬರು ಕೂತರೂ ಆರು ಜನ ಕೂತರೂ ಇದು ಅಷ್ಟೇ.

ಜನ ಸಾಮಾನ್ಯವಾಗಿ ಎಡಗಡೆಯಲ್ಲಿ ಉಳಿಸಲು ಒದ್ದಾಡುತ್ತಾರೆ. ಕಡಿಮೆ ಸ್ಟಾರಿನ ಹೋಟೆಲ್, ಎರಡು ಕಡೆ ಇಳಿದು ಹತ್ತುವ ವಿಮಾನ, ಹೀಗೆ. ದೊಡ್ಡ ಉಳಿತಾಯ ಇರುವುದು ಬಲಗಡೆಯಲ್ಲಿ. ಸಫಾರಿಗೆ ಒಪ್ಪುವ ಲ್ಯಾಂಡ್ ಕ್ರೂಸರ್ ದಿನಕ್ಕೆ ಸುಮಾರು 180ರಿಂದ 250 ಡಾಲರ್. ಗಂಡ ಹೆಂಡತಿ ಇಬ್ಬರೇ ಹೋದರೆ ಅದರ ಅರ್ಧ ಒಬ್ಬೊಬ್ಬರ ತಲೆಗೆ. ಇನ್ನೊಂದು ಜೋಡಿ ಸೇರಿದರೆ ಕಾಲು ಭಾಗ. ಆದ್ದರಿಂದ ಟಿಕೆಟ್ ಹುಡುಕುವ ಮುಂಚೆ ಜೊತೆ ಹುಡುಕಿ. ನಾಲ್ಕು ಜನ ಸರಿಯಾದ ಸಂಖ್ಯೆ. ಆರು ಜನರಾದರೆ ಖರ್ಚು ಇನ್ನೂ ಇಳಿಯುತ್ತದೆ, ಆದರೆ ಚಿರತೆ ಎಡಕ್ಕೆ ಕಂಡಾಗ ಆರೂ ಜನ ಎಡಕ್ಕೇ ವಾಲುತ್ತಾರೆ. ಜೊತೆಗೆ ಬರುವವರು ಬೆಳಿಗ್ಗೆ ಐದಕ್ಕೆ ಏಳುವವರಾ ಎಂದು ಮೊದಲೇ ಕೇಳಿಕೊಳ್ಳಿ. ಇದು ತಮಾಷೆಯ ಮಾತಲ್ಲ.

ತಿಂಗಳು ಗೊತ್ತು ಮಾಡಿ

2024ರ ಜುಲೈನಿಂದ ಮಸಾಯಿ ಮಾರಾದ ಫೀ ಎರಡು ಥರ ಇದೆ. ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್ ಕೊನೆಯವರೆಗೆ ದಿನಕ್ಕೆ 100 ಡಾಲರ್. ಜುಲೈ 1ರಿಂದ ಡಿಸೆಂಬರ್ ಕೊನೆಯವರೆಗೆ 200 ಡಾಲರ್. 9ರಿಂದ 17 ವರ್ಷದ ಮಕ್ಕಳಿಗೆ 50 ಡಾಲರ್. ಜೂನ್ 30ರಂದು ಕಂಡ ಸಿಂಹವನ್ನೇ ಮರುದಿನ ನೋಡಲು ಎರಡು ಪಟ್ಟು ಕೊಡಬೇಕು.

ಜುಲೈನಿಂದ ಯಾಕೆ ಜಾಸ್ತಿ? ವೈಲ್ಡ್‌ಬೀಸ್ಟ್ ಎಂಬ ದನದಂಥ ಕಾಡುಪ್ರಾಣಿಯ ಹಿಂಡುಗಳು ತಾಂಜಾನಿಯಾದ ಸೆರೆಂಗೆಟಿಯಿಂದ ಹುಲ್ಲು ಹುಡುಕಿಕೊಂಡು ಉತ್ತರಕ್ಕೆ ಬರುವುದು ಆಗಲೇ. ಸುಮಾರು ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಅವು ಮಾರಾ ನದಿ ದಾಟುತ್ತವೆ. ಕೆಳಗೆ ಮೊಸಳೆಗಳು ಕಾಯುತ್ತಿರುತ್ತವೆ, ದಡದಲ್ಲಿ ಗಾಡಿಗಳ ಸಾಲು. ಅದನ್ನು ನೋಡಲೇಬೇಕು ಎನ್ನುವವರು ದುಬಾರಿ ತಿಂಗಳಲ್ಲೇ ಹೋಗಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಆದರೆ ಒಂದು ಮಾತು ನೆನಪಿರಲಿ. ಹಿಂಡು ಯಾವಾಗ ದಾಟುತ್ತದೆ ಎಂದು ಯಾರೂ ಹೇಳಲಾರರು. ದಡಕ್ಕೆ ಬಂದು, ನೀರು ಮೂಸಿ, ವಾಪಸ್ ಹೋಗಿಬಿಡುವುದೂ ಉಂಟು. ಎರಡೇ ದಿನ ಇಟ್ಟುಕೊಂಡು ಹೋದರೆ ಅದು ಲಾಟರಿ. ಕನಿಷ್ಠ ಮೂರು ಪೂರ್ತಿ ದಿನ ಇಡಿ. ಅಂದರೆ ಫೀ ಒಂದೇ ತಲೆಗೆ 600 ಡಾಲರ್.

ಸಿಂಹ, ಚೀತಾ, ಆನೆ, ಜಿರಾಫೆ, ಕತ್ತೆಕಿರುಬ ಸಾಕು ಎನ್ನುವವರಿಗೆ ಜನವರಿ, ಫೆಬ್ರವರಿ ಒಳ್ಳೆಯದು. ವೈಲ್ಡ್‌ಬೀಸ್ಟ್ ಹೋದವೆಂದು ಸಿಂಹಗಳು ಅವುಗಳ ಹಿಂದೆ ಗಂಟುಮೂಟೆ ಕಟ್ಟುವುದಿಲ್ಲ. ಮಳೆ ಕಡಿಮೆ, ಗಾಡಿಗಳೂ ಕಡಿಮೆ, ಫೀ ಅರ್ಧ. ನನ್ನ ಓಟು ಫೆಬ್ರವರಿಗೆ.

ಮಕ್ಕಳಿರುವವರಿಗೆ ಇಲ್ಲೊಂದು ತೊಡಕು. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಕೀನ್ಯಾದಲ್ಲಿ ಅದು ದೊಡ್ಡ ಮಳೆಯ ಕಾಲ. ಫೀ 100 ಡಾಲರೇ, ಕ್ಯಾಂಪುಗಳೂ ಅಗ್ಗ, ಆದರೆ ಮಾರಾದ ಬಹಳಷ್ಟು ನೆಲ ಎರೆಮಣ್ಣು. ಧಾರವಾಡ, ಗದಗ ಕಡೆಯವರಿಗೆ ಹೆಚ್ಚು ಹೇಳಬೇಕಿಲ್ಲ. ಮಳೆ ಬಿದ್ದ ಎರೆಯಲ್ಲಿ ಗಾಡಿ ಹೂತರೆ ಅರ್ಧ ದಿನ ಹೋಯಿತು. ದಸರಾ ರಜೆಯಲ್ಲಿ ಹೋದರೆ ವಲಸೆಯ ಕೊನೆಯ ಭಾಗ ಸಿಗಬಹುದು, ಫೀ ಮಾತ್ರ 200. ಶಾಲೆಗೆ ಒಂದು ವಾರ ರಜೆ ಹಾಕಿಸುವ ಧೈರ್ಯ ಇದ್ದರೆ ಜೂನ್ ಕೊನೆಯ ವಾರ ಜಾಣತನದ ಆಯ್ಕೆ. ಮಳೆ ಇಳಿದಿರುತ್ತದೆ, ಫೀ ಇನ್ನೂ ಏರಿರುವುದಿಲ್ಲ. ಹುಲ್ಲು ಸ್ವಲ್ಪ ಎತ್ತರ ಇರುತ್ತದೆ, ಪರವಾಗಿಲ್ಲ.

ಗೇಟಿನ ಒಳಗೋ, ಹೊರಗೋ

ಬಹಳ ಜನ ಎಡವುವುದು ಇಲ್ಲೇ. ಮಾರಾದ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, 12 ಗಂಟೆಗೆ. ಮಧ್ಯಾಹ್ನ ಮೂರಕ್ಕೆ ಒಳಗೆ ಹೋದರೂ ಪೂರ್ತಿ ಫೀ.

ನಾವು ಮೊದಲ ಸಲ ಹೋದಾಗ ಏಜೆಂಟರು ಮೊದಲ ದಿನವೇ 'ಈವ್ನಿಂಗ್ ಗೇಮ್ ಡ್ರೈವ್' ಎಂದು ಹಾಕಿದ್ದರು. ಕೇಳಲು ಚೆನ್ನಾಗಿತ್ತು. ನೈರೋಬಿಯಿಂದ ಹೊರಟಿದ್ದು ತಡ, ದಾರಿಯಲ್ಲಿ ಸಿಗುವ ನಾರೊಕ್ ಪಟ್ಟಣದಲ್ಲಿ ಊಟ ಮುಗಿಸಿದ್ದು ಇನ್ನೂ ತಡ. ಗೇಟ್ ಮುಟ್ಟಿದಾಗ ನಾಲ್ಕೂವರೆ. ಒಂದೂವರೆ ಗಂಟೆಯಲ್ಲಿ ಕಂಡಿದ್ದು ಜೀಬ್ರಾ, ನಾಲ್ಕು ಕಾಡುಹಂದಿ, ಮತ್ತೆ ಜೀಬ್ರಾ. ಕೊಟ್ಟಿದ್ದು ದಿನದ ಫೀ.

ಆದ್ದರಿಂದ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ನೋಡಿ ದಿನ ಹೊಂದಿಸಬೇಕು. ಸೆಕೆನಾನಿ, ತಾಲೆಕ್ ಗೇಟುಗಳ ಹೊರಗೆ ಮಧ್ಯಮ ದರದ ಟೆಂಟ್ ಕ್ಯಾಂಪುಗಳು ಬಹಳ ಇವೆ. ಅಲ್ಲಿ ಉಳಿದರೆ ಬಂದ ದಿನ ಗೇಟ್ ದಾಟಬೇಡಿ. ಚಹಾ ಕುಡಿದು, ಕ್ಯಾಂಪಿನ ಸುತ್ತ ಅಡ್ಡಾಡಿ, ಬೇಗ ಮಲಗಿ. ಮರುದಿನ ಆರಕ್ಕೆ ಗೇಟಿನ ಮುಂದೆ ನಿಂತು, ಡಬ್ಬಿ ಊಟ ಕಟ್ಟಿಕೊಂಡು, ಸಂಜೆ ಆರಕ್ಕೇ ಹೊರಗೆ ಬನ್ನಿ. ಕೊಟ್ಟ ಒಂದೊಂದು ಡಾಲರೂ ವಸೂಲಾಗಬೇಕು, ಅಲ್ವಾ?

ಮೀಸಲು ಪ್ರದೇಶದ ಒಳಗಿನ ಲಾಡ್ಜ್‌ನಲ್ಲಿ ಉಳಿದವರಿಗೆ ಬೇರೆ ನಿಯಮ. ಹೊರಡುವ ದಿನ ಬೆಳಿಗ್ಗೆ 10ರೊಳಗೆ ಗೇಟ್ ದಾಟಿದರೆ ಆ ದಿನದ ಫೀ ಇಲ್ಲ. ಅಂದರೆ ಕೊನೆಯ ದಿನದ ಮುಂಜಾನೆಯ ಸಫಾರಿ ಪುಕ್ಕಟೆ ಸಿಕ್ಕ ಹಾಗೆ. ಆದರೆ 10 ದಾಟಿತೋ, ಇನ್ನೊಂದು ದಿನದ್ದು ಕಟ್ಟಬೇಕು. ಒಳಗಿನ ಲಾಡ್ಜ್‌ಗಳು ಹೊರಗಿನವಕ್ಕಿಂತ ದುಬಾರಿ, ಆದರೆ ಈ ಉಳಿತಾಯವನ್ನೂ ಕಳೆದು ನೋಡಿ. ಜುಲೈ ನಂತರ ವ್ಯತ್ಯಾಸ ಅಂದುಕೊಂಡಷ್ಟು ದೊಡ್ಡದಿರುವುದಿಲ್ಲ.

ಮೂರನೆಯದು ಕನ್ಸರ್ವೆನ್ಸಿಗಳು. ಮಾರಾ ನಾರ್ತ್, ನಬೋಯಿಶೊ, ಓಲಾರೆ ಮೋಟೊರೊಗಿ ಎಂದು ಹೆಸರು. ಅಲ್ಲಿನ ಮಸಾಯಿ ಜನರ ಜಮೀನನ್ನು ಗುತ್ತಿಗೆಗೆ ಪಡೆದು ಕಾಡಾಗಿ ಇಟ್ಟಿರುವ ಜಾಗಗಳಿವು. ಗಾಡಿಗಳು ಕಡಿಮೆ, ರಾತ್ರಿ ಸಫಾರಿಯೂ ಉಂಟು. ದರ ಮಾತ್ರ ಬೇರೆಯೇ ಮಟ್ಟ. ಐದು ಲಕ್ಷ ಎಂದವರು ಬಹುಶಃ ಇಲ್ಲಿ ಮಲಗಿ ಬಂದವರು.

ಯಾವ ಗಾಡಿ, ಯಾವ ದಾರಿ

ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ಮೇಲ್ಚಾವಣಿ ಎತ್ತುವ ವ್ಯಾನ್ ಆದರೆ ಅಗ್ಗ, ಲ್ಯಾಂಡ್ ಕ್ರೂಸರ್ ದುಬಾರಿ. ಒಣ ತಿಂಗಳಲ್ಲಿ ವ್ಯಾನ್ ನಡೆಯುತ್ತದೆ. ಮಳೆ ತಿಂಗಳಲ್ಲಿ ಬೇಡ. ವಯಸ್ಸಾದ ಅಪ್ಪ ಅಮ್ಮ ಇದ್ದರೆ ಯಾವ ತಿಂಗಳಾದರೂ ಬೇಡ, ಬೆನ್ನು ಕೇಳುವುದಿಲ್ಲ.

ನೈರೋಬಿಯ ವಿಲ್ಸನ್ ಏರ್‌ಪೋರ್ಟಿನಿಂದ ಪುಟ್ಟ ವಿಮಾನಗಳೂ ಹೋಗುತ್ತವೆ. ಮುಕ್ಕಾಲರಿಂದ ಒಂದು ಗಂಟೆ ಸಾಕು. ಆದರೆ ಇದು ತಲೆ ಲೆಕ್ಕಕ್ಕೆ ಸೇರುವ ಖರ್ಚು. ನಾಲ್ವರಿಗೆ ನಾಲ್ಕು ಟಿಕೆಟ್, ಅಲ್ಲಿ ಇಳಿದ ಮೇಲೆ ಗಾಡಿ ಹೇಗೂ ಬೇಕು. ಇಬ್ಬರಿಗಾದರೆ ಯೋಚಿಸಬಹುದು, ನಾಲ್ವರಿಗೆ ರಸ್ತೆಯೇ ಸರಿ. ದಾರಿಯಲ್ಲಿ ರಿಫ್ಟ್ ಕಣಿವೆ ಕಾಣುತ್ತದೆ, ಅದಕ್ಕೆ ಟಿಕೆಟ್ಟೂ ಇಲ್ಲ.

ಈಗ ಒಂದು ಲೆಕ್ಕ

ಬೆಂಗಳೂರಿನಿಂದ ನಾಲ್ವರು, ಫೆಬ್ರವರಿ, ಆರು ರಾತ್ರಿ. ನೈರೋಬಿ 1, ಮಾರಾ ಗೇಟಿನ ಹೊರಗೆ 3, ನೈವಾಶಾ ಕೆರೆಯ ಹತ್ತಿರ 1, ಮತ್ತೆ ನೈರೋಬಿ 1. ಮಾರಾ ಒಳಗೆ ಎರಡು ಪೂರ್ತಿ ದಿನ. ಲೆಕ್ಕ ಸುಲಭವಾಗಲಿ ಎಂದು ಡಾಲರಿಗೆ 90 ರೂಪಾಯಿ ಹಿಡಿದಿದ್ದೇನೆ. ವಿಮಾನ, ರೂಮು, ಗಾಡಿಯದು ಅಂದಾಜು ದರ. ನಿಮಗೆ ಬಂದ ದರವನ್ನು ಅದೇ ಜಾಗದಲ್ಲಿ ತುಂಬಿಕೊಳ್ಳಿ.

ತಲೆ ಲೆಕ್ಕ, ಒಬ್ಬರಿಗೆ:
- ನೈರೋಬಿ ರೂಮು, ಇಬ್ಬರಿಗೆ ಒಂದರಂತೆ, 2 ರಾತ್ರಿ: 80 ಡಾಲರ್
- ಮಾರಾ ಕ್ಯಾಂಪ್, ಊಟ ಸಮೇತ, 3 ರಾತ್ರಿ: 240
- ನೈವಾಶಾ, 1 ರಾತ್ರಿ: 50
- ಮಾರಾ ಫೀ, 2 ದಿನ: 200
- ನೈವಾಶಾದಲ್ಲಿ ಬೋಟು, ಸುತ್ತಾಟ: 40
- ದಾರಿ ಊಟ, ನೀರು, ಚಹಾ: 40

ಒಟ್ಟು 650 ಡಾಲರ್.

ಗಾಡಿ ಲೆಕ್ಕ: ಲ್ಯಾಂಡ್ ಕ್ರೂಸರ್ 5 ದಿನಕ್ಕೆ 220ರಂತೆ 1,100, ಡ್ರೈವರ್ ಟಿಪ್ಸ್ ದಿನಕ್ಕೆ 20ರಂತೆ 100. ಒಟ್ಟು 1,200, ನಾಲ್ವರಿಗೆ ಹಂಚಿದರೆ 300.

ಅಲ್ಲಿಗೆ 950 ಡಾಲರ್, ಅಂದರೆ 85,500 ರೂಪಾಯಿ. ಇದಕ್ಕೆ ವಿಮಾನ 50,000, ಪ್ರವಾಸದ ಅನುಮತಿ 3,000, ಲಸಿಕೆ, ಮಾತ್ರೆ, ವಿಮೆಗೆ 4,000 ಸೇರಿಸಿ. ಒಬ್ಬರಿಗೆ 1,42,500. ಮೇಲೆ ಹತ್ತು ಪರ್ಸೆಂಟ್ ತುರ್ತು ಖರ್ಚಿಗೆ ಇಡಿ. ಸುಮಾರು 1,57,000 ಆಯಿತು.

ಇದನ್ನೇ ಇಬ್ಬರೇ ಹೋದರೆ? ಗಾಡಿ ಪಾಲು 300ರಿಂದ 600 ಆಗುತ್ತದೆ. ತಲೆಗೆ 27,000 ರೂಪಾಯಿ ಹೆಚ್ಚು. ಇದನ್ನೇ ನಾಲ್ವರು ಸೆಪ್ಟೆಂಬರ್‌ನಲ್ಲಿ ಮಾಡಿದರೆ? ಫೀ 200 ಡಾಲರ್ ಏರುತ್ತದೆ, ಕ್ಯಾಂಪ್ ರಾತ್ರಿಗೆ 40 ಏರಿದೆ ಎಂದುಕೊಳ್ಳಿ, ವಿಮಾನ ಹತ್ತು ಸಾವಿರ ಜಾಸ್ತಿ. ಒಬ್ಬರಿಗೆ 38,800 ಹೆಚ್ಚು. ವಲಸೆಯ ಬೆಲೆ ಇದು. ನಿಮಗೆ ಅದು ಬೇಕೋ ಬೇಡವೋ ಎಂದು ಈಗ ಯೋಚಿಸಬಹುದು.

ಕೊಟೇಶನ್ ಬಂದಾಗ ಒಂದು ಕಳೆಯುವ ಲೆಕ್ಕ

ನೈರೋಬಿಯ ಎರಡು ಮೂರು ಕಂಪನಿಗಳಿಗೂ ಇಲ್ಲಿನ ಒಬ್ಬ ಏಜೆಂಟರಿಗೂ ಒಂದೇ ಪ್ಲಾನ್ ಕಳಿಸಿ ದರ ಕೇಳಿ. ಕೀನ್ಯಾ ಕಂಪನಿ 'ಕಾಟೊ' ಎಂಬ ಟೂರ್ ಆಪರೇಟರುಗಳ ಸಂಘದ ಸದಸ್ಯನಾ ಎಂದು ನೋಡಿ. ಉತ್ತರ ಬಂದ ಮೇಲೆ ಮೊದಲು ಮಾಡಬೇಕಾದದ್ದು ಇಷ್ಟು: ಹೇಳಿದ ಮೊತ್ತದಿಂದ ಪಾರ್ಕ್ ಫೀ ಕಳೆಯಿರಿ.

ಆಗಸ್ಟ್‌ಗೆ ಮೂರು ದಿನ, ಎರಡು ರಾತ್ರಿ, 450 ಡಾಲರ್ ಮಾತ್ರ ಎಂದು ಯಾರೋ ಕಳಿಸುತ್ತಾರೆ ಎನ್ನಿ. ಎರಡು ದಿನದ ಫೀ 400 ಕಳೆದರೆ ಉಳಿದಿದ್ದು 50. ಐವತ್ತು ಡಾಲರಿಗೆ ಎರಡು ರಾತ್ರಿ ಹಾಸಿಗೆ, ಊಟ, ಗಾಡಿ, ಡೀಸೆಲ್? ಎಲ್ಲೋ ಏನೋ ಇದೆ. ಒಂದೋ ಫೀ ಸೇರಿಲ್ಲ, ಇಲ್ಲವೇ ಒಂದೇ ದಿನ ಒಳಗೆ ಕರೆದುಕೊಂಡು ಹೋಗುತ್ತಾರೆ. ಸುಮ್ನೆ ಕೇಳಿಬಿಡಿ: ಎಷ್ಟು ದಿನದ ಫೀ ಸೇರಿದೆ? ಗೇಟ್ ಯಾವುದು? ಕ್ಯಾಂಪ್ ಗೇಟಿನಿಂದ ಎಷ್ಟು ದೂರ? ಗಾಡಿ ನಮಗೊಬ್ಬರಿಗೇನಾ, ಬೇರೆಯವರೂ ಇರುತ್ತಾರಾ? ಕಿಲೋಮೀಟರಿಗೆ ಮಿತಿ ಇದೆಯಾ? ಈ ಐದಕ್ಕೆ ನೇರ ಉತ್ತರ ಬರದಿದ್ದರೆ ಮುಂದಿನವರ ಹತ್ತಿರ ಹೋಗಿ.

ಹಂಚಿಕೊಂಡು ಹೋಗುವ ಗುಂಪು ಪ್ರವಾಸಗಳೂ ನೈರೋಬಿಯಿಂದ ಹೊರಡುತ್ತವೆ. ಒಬ್ಬರೇ ಹೋಗುವವರಿಗೆ ಇದೇ ದಾರಿ, ಏಕೆಂದರೆ ಒಬ್ಬರಿಗೆ ಪೂರ್ತಿ ಗಾಡಿ ಲೆಕ್ಕ ತಡೆಯುವುದಿಲ್ಲ.

ಊರು ಬಿಡುವ ಮುಂಚಿನ ಖರ್ಚು

ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಫೀ 30 ಡಾಲರ್, ಮೇಲೆ ಸ್ವಲ್ಪ ಸೇವಾ ಶುಲ್ಕ. ಹುಡುಕಿದರೆ ಸರ್ಕಾರದ್ದೇ ಥರ ಕಾಣುವ ಖಾಸಗಿ ಸೈಟುಗಳು ಮೊದಲು ಬರುತ್ತವೆ, ಅವು ಎರಡು ಮೂರು ಪಟ್ಟು ಕೀಳುತ್ತವೆ. ವಿಳಾಸದ ಕೊನೆ 'ಗೋ ಡಾಟ್ ಕೆಇ' ಎಂದಿದೆಯಾ ನೋಡಿಕೊಳ್ಳಿ.

ಹಳದಿ ಜ್ವರದ ಲಸಿಕೆಯನ್ನು ಮರೆಯಲೇಬೇಡಿ. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೇ ಲಸಿಕೆ ಹಾಕಿಸಿದ ಹಳದಿ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಒಂದು ಸಲ ಹಾಕಿಸಿದರೆ ಜೀವಮಾನಕ್ಕೆ ಸಾಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹೊರಡುವ ಒಂದು ತಿಂಗಳ ಮುಂಚೆಯೇ ದಿನ ಗೊತ್ತು ಮಾಡಿಕೊಳ್ಳಿ. 60 ದಾಟಿದವರು, ಮೊಟ್ಟೆ ಆಗದವರು ಮೊದಲು ಡಾಕ್ಟರನ್ನು ಕೇಳಬೇಕು. ಮಲೇರಿಯಾ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿಬಿಡಿ.

ಇಲ್ಲಿನ ಏಜೆಂಟರ ಹತ್ತಿರ ಪ್ಯಾಕೇಜ್ ತೆಗೆದುಕೊಂಡರೆ ಜಿಎಸ್‌ಟಿ ಜೊತೆಗೆ ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಮುಂಗಡ ತೆರಿಗೆ) ಎಂದು ಒಂದಿಷ್ಟು ಹಿಡಿಯುತ್ತಾರೆ. ಇದರ ದರ ಕೇಂದ್ರ ಸರ್ಕಾರದ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತಿರುತ್ತದೆ. ಟಿಸಿಎಸ್ ಕಳೆದುಹೋದ ದುಡ್ಡಲ್ಲ, ರಿಟರ್ನ್ಸ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಆದರೆ ಪ್ರವಾಸದ ಹೊತ್ತಿಗೆ ಅದು ಕೈಯಲ್ಲಿ ಇರುವುದಿಲ್ಲ.

ವಿಮೆಯಲ್ಲಿ ಕಂಜೂಸ್ ಮಾಡಬೇಡಿ. ಕಾಡಿನ ನಡುವೆ ಏನಾದರೂ ಆದರೆ ಆಂಬುಲೆನ್ಸ್ ಅಂದರೆ ಅಲ್ಲಿ ವಿಮಾನ. ತುರ್ತಾಗಿ ಆಸ್ಪತ್ರೆಗೆ ಸಾಗಿಸುವ ಖರ್ಚು ಪಾಲಿಸಿಯಲ್ಲಿ ಸೇರಿದೆಯಾ ಎಂದು ಓದಿ ನೋಡಿ.

ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ಬಿಸಿಗಾಳಿ ಬಲೂನು ತಲೆಗೆ 450ರಿಂದ 500 ಡಾಲರ್. ಒಂದು ಗಂಟೆಯ ಹಾರಾಟ, ಕೆಳಗಿಳಿದ ಮೇಲೆ ತಿಂಡಿ. ಚೆನ್ನಾಗಿರುತ್ತದೆ, ಇಲ್ಲ ಎನ್ನುವುದಿಲ್ಲ. ಅದೇ ದುಡ್ಡಿಗೆ ಫೆಬ್ರವರಿಯಲ್ಲಿ ಕಾಡಿನೊಳಗೆ ಇನ್ನೂ ಎರಡು ದಿನ ಸುಖವಾಗಿ ಕಳೆಯಬಹುದು. ನಾನಾದರೆ ದಿನವನ್ನೇ ಕೊಳ್ಳುತ್ತೇನೆ.

ಒಂದೇ ವಾರದಲ್ಲಿ ಅಂಬೊಸೆಲಿ, ನಕುರು, ನೈವಾಶಾ, ಮಾರಾ ಎಲ್ಲ ತುರುಕುವ ಪ್ಲಾನ್ ಬೇಡ. ಊರು ಬದಲಿಸಿದ ದಿನವೆಲ್ಲ ಗಾಡಿ ಬಾಡಿಗೆ ಓಡುತ್ತದೆ, ಪ್ರಾಣಿ ಕಾಣುವುದಿಲ್ಲ. ಎರಡು ಜಾಗ ಸಾಕು.

ಡ್ರೈವರ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ದೂರದ ಮರದ ಕೊಂಬೆಯಿಂದ ಇಳಿಬಿದ್ದ ಬಾಲ ಕಂಡು ಚಿರತೆ ಎನ್ನುವುದು ಅವರೇ. ಅನುಭವಿ ಡ್ರೈವರ್‌ಗೆ ದಿನಕ್ಕೆ ಹತ್ತು ಡಾಲರ್ ಹೆಚ್ಚು ಕೇಳಿದರೂ ಕೊಡಿ, ನಾಲ್ವರಿಗೆ ಹಂಚಿದರೆ ತಲೆಗೆ ಎರಡೂವರೆ.

ಊಟದ ಚಿಂತೆ ಬೇಡ. ಸಸ್ಯಾಹಾರ ಎಂದು ಮೊದಲೇ ಹೇಳಿದರೆ ಕ್ಯಾಂಪುಗಳಲ್ಲಿ ಚಪಾತಿ, ಅನ್ನ, ಬೇಳೆ ಸಿಗುತ್ತದೆ. ಅಲ್ಲಿ ಚಪಾತಿಗೆ ಚಪಾತಿ ಎಂದೇ ಹೆಸರು. ಉಗಾಲಿ ಎಂದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಬರುತ್ತದೆ, ಮಂಡ್ಯದವರಿಗೆ ನಗು ಬರಬಹುದು. ಉಜಿ ಎಂಬ ಗಂಜಿಯನ್ನು ರಾಗಿಯಲ್ಲೂ ಮಾಡುತ್ತಾರೆ, ನಮ್ಮ ಅಂಬಲಿಯ ಅಣ್ಣ. ರಾಗಿ ಮೂಲತಃ ಆ ಕಡೆಯದೇ.

ಕೀನ್ಯಾ ಬದಲು ಬೇರೆ ಕಡೆ?

ತಾಂಜಾನಿಯಾ ಸಾಮಾನ್ಯವಾಗಿ ಇನ್ನೂ ದುಬಾರಿ. ವೀಸಾ 50 ಡಾಲರ್. ಪಾರ್ಕ್ ಫೀ ಮೇಲೆ 18 ಪರ್ಸೆಂಟ್ ತೆರಿಗೆ. ಗೊರೊಂಗೊರೊ ಕುಳಿಗೆ ಗಾಡಿ ಒಂದು ಸಲ ಇಳಿದರೆ ತೆರಿಗೆ ಸೇರಿ 295 ಡಾಲರ್, ಅದೂ ತಲೆಯ ಫೀ ಬಿಟ್ಟು. ಗಾಡಿ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ನಿಜವಾಗಿ ಅಗ್ಗ ಬೇಕೆಂದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ. ಅಲ್ಲಿ ಬಾಡಿಗೆ ಕಾರು ತೆಗೆದುಕೊಂಡು ನೀವೇ ಓಡಿಸಬಹುದು. ನಮ್ಮ ಹಾಗೆಯೇ ಎಡಬದಿಯ ಸಂಚಾರ, ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿ. ಸ್ಕುಕೂಜಾ, ಸತಾರಾದಂಥ ಸರ್ಕಾರಿ ಕ್ಯಾಂಪುಗಳಲ್ಲಿ ಅಡುಗೆಗೂ ಅನುಕೂಲ ಇದೆ. ದಿನದ ಫೀ ಮಾರಾದ್ದಕ್ಕಿಂತ ಬಹಳ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಆದರೆ ವೀಸಾ ನಿಯಮ ನೋಡಿಕೊಳ್ಳಬೇಕು, ಮತ್ತೆ ಪ್ರಾಣಿಯನ್ನು ನೀವೇ ಹುಡುಕಬೇಕು. ಮಾರಾದ ಬಯಲಿನಲ್ಲಿ ಕಾಣುವಷ್ಟು ಸುಲಭವಾಗಿ ಅಲ್ಲಿನ ಕುರುಚಲಲ್ಲಿ ಸಿಂಹ ಕಾಣುವುದಿಲ್ಲ.

ಜೇಬಿನಲ್ಲಿ, ಬ್ಯಾಗಿನಲ್ಲಿ

ಸಫಾರಿ ಕಂಪನಿಗೆ ಅಡ್ವಾನ್ಸ್ ಹೋಗಿರುತ್ತದೆ, ಉಳಿದದ್ದು ಬ್ಯಾಂಕ್ ಮೂಲಕ. ಬ್ಯಾಂಕ್ ಕಮಿಷನ್, ಕ್ರೆಡಿಟ್ ಕಾರ್ಡಿನ ಎರಡು ಮೂರು ಪರ್ಸೆಂಟ್ ಮಾರ್ಕಪ್ ಎರಡನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಕೈಯಲ್ಲಿ ಒಬ್ಬರಿಗೆ 150 ಡಾಲರ್ ನೋಟು ಇದ್ದರೆ ಸಾಕು. ನೋಟು ಹೊಸದಾಗಿರಲಿ. ಹಳೆಯದು, ಹರಿದದ್ದು, ಗೀಚಿದ್ದು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಟಿಪ್ಸ್‌ಗೆಂದು ಐದು, ಹತ್ತರ ನೋಟು ಕೇಳಿ ಪಡೆಯಿರಿ. ಚಿಲ್ಲರೆ ಖರ್ಚಿಗೆ ಸ್ವಲ್ಪ ದುಡ್ಡನ್ನು ಕೀನ್ಯಾದ ಶಿಲ್ಲಿಂಗ್‌ಗೆ ಬದಲಿಸಿಕೊಳ್ಳಿ. ಮಸಾಯಿ ಹಳ್ಳಿಗೆ ಕರೆದುಕೊಂಡು ಹೋದರೆ 20ರಿಂದ 30 ಡಾಲರ್ ಕೇಳುತ್ತಾರೆ. ಒಳಗೆ ಹೋಗುವ ಮುಂಚೆಯೇ ಮಾತಾಡಿ ಮುಗಿಸಿ.

ಕೊನೆಯದಾಗಿ, ಚಟ್ನಿಪುಡಿ, ಕೋಡುಬಳೆ ಕಟ್ಟುವಾಗ ಪ್ಲಾಸ್ಟಿಕ್ ಕವರ್ ಬೇಡ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಕಾಡಿನೊಳಗೆ ಒಂದು ಸಲ ಬಳಸಿ ಎಸೆಯುವ ಬಾಟಲಿಯೂ ಕೂಡದು. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ, ಬಟ್ಟೆ ಚೀಲ ಸಾಕು. ಜೊತೆಗೊಂದು ಸ್ವೆಟರ್. ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗಿಂತ ಮೇಲಿದೆ. ಬೆಳಿಗ್ಗೆ ಆರಕ್ಕೆ ಚಾವಣಿ ತೆರೆದ ಗಾಡಿಯಲ್ಲಿ ನಿಂತಾಗ ಮಡಿಕೇರಿಯ ಡಿಸೆಂಬರ್ ನೆನಪಾಗುತ್ತದೆ.